ಒಂದೇ ಸ್ವರದ ಡಬ್ಬಿ: ಸೌಂಡ್ ಕ್ಯಾಲಿಬ್ರೇಟರ್ ಜೊತೆ ನಾಲ್ಕು ವರ್ಷ

ಪಾರ್ಸೆಲ್ ಬಿಚ್ಚಿ ಮೊದಲ ಸಲ ಆನ್ ಮಾಡಿದಾಗ ನಮ್ಮ ಮನೆಯವಳು ಅಡುಗೆಮನೆಯಿಂದ ಹೊರಗೆ ಬಂದಳು. "ಒಂದೇ ಸಮ ಕುಂಯ್ ಅನ್ನೋ ಈ ಡಬ್ಬಿಗೆ ಅಷ್ಟು ದುಡ್ಡಾ ರೀ?" ಅಂದಳು. ಆವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ, ಆದರೆ ಅವಳು ಕೇಳುವುದನ್ನು ಬಿಟ್ಟಿದ್ದಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಸೌಂಡ್ ಸಿಸ್ಟಂ ಕೆಲಸ ಮಾಡುವವನು. ಕಲ್ಯಾಣ ಮಂಟಪ, ಆಡಿಟೋರಿಯಂಗಳಲ್ಲಿ ಸ್ಪೀಕರ್ ಕೂರಿಸಿ ಟ್ಯೂನ್ ಮಾಡುವುದು ಮುಖ್ಯ ಕಸುಬು. ಜೊತೆಗೆ ಅಕ್ಕಿ ಮಿಲ್ಲು, ಜನರೇಟರ್‌ಗಳ ಸದ್ದು ಎಷ್ಟಿದೆ ಅಂತ ಅಳೆದು ಕೊಡುತ್ತೇನೆ. ನನ್ನ ಹತ್ತಿರ ಅರ್ಧ ಇಂಚಿನ ಮೈಕ್ ಇರುವ ಒಂದು ಸೌಂಡ್ ಲೆವೆಲ್ ಮೀಟರ್ ಇದೆ, ಲ್ಯಾಪ್‌ಟಾಪ್‌ಗೆ ಹಾಕುವ ಎರಡು ಅಳತೆ ಮೈಕ್ ಇವೆ. ಈ ಮೂರನ್ನೂ ಪರೀಕ್ಷೆ ಮಾಡಲು 2021ರಲ್ಲಿ ಈ ಕ್ಯಾಲಿಬ್ರೇಟರ್ ತಗೊಂಡೆ. ಕಂಪನಿ ಹೆಸರು ಬರೆಯುತ್ತಿಲ್ಲ. ವಸ್ತು ಒಳ್ಳೆಯದು, ಮಾರಿದವರ ಮೇಲೆ ಸ್ವಲ್ಪ ಕೋಪ ಇದೆ, ಎರಡೂ ಒಂದೇ ಹೆಸರಿಗೆ ಅಂಟಿಕೊಳ್ಳುವುದು ಬೇಡ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿ. ಒಂದು ಕಡೆ ತೂತು ಇದೆ, ತೂತಿನೊಳಗೆ ರಬ್ಬರ್ ರಿಂಗ್. ಮೈಕಿನ ತಲೆಯನ್ನು ಅದರಲ್ಲಿ ತೂರಿಸಿ ಬಟನ್ ಒತ್ತಿದರೆ 1000 ಹರ್ಟ್ಸ್ ಸ್ವರ ಬರುತ್ತದೆ, ಸರಿಯಾಗಿ 94 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ). ಇನ್ನೊಮ್ಮೆ ಒತ್ತಿದರೆ 114. ಈ 94 ಎಲ್ಲಿಂದ ಬಂತು ಅಂದರೆ, ಅದು 1 ಪ್ಯಾಸ್ಕಲ್ ಒತ್ತಡ. 114 ಅಂದರೆ 10 ಪ್ಯಾಸ್ಕಲ್. 1000 ಹರ್ಟ್ಸ್ ಆಯ್ಕೆ ಮಾಡಿದ್ದಕ್ಕೂ ಕಾರಣ ಇದೆ. ಮೀಟರ್ 'ಎ' ವೇಟಿಂಗ್‌ನಲ್ಲಿರಲಿ 'ಸಿ'ಯಲ್ಲಿರಲಿ (ಯಾವ ಸ್ವರಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವ ಎರಡು ಕ್ರಮಗಳು ಇವು), ಆ ಜಾಗದಲ್ಲಿ ಎರಡೂ ಒಂದೇ ಅಂಕೆ ತೋರಿಸುತ್ತವೆ. ಗಡಿಬಿಡಿಯಲ್ಲಿ ಬಟನ್ ತಪ್ಪಿದರೂ ನಷ್ಟ ಇಲ್ಲ.

ಕಾಲೇಜಿನ ಲ್ಯಾಬ್‌ನಲ್ಲಿ ನಾವು ನೋಡಿದ್ದು ಇದರ ದೊಡ್ಡಣ್ಣ, ಪಿಸ್ಟನ್‌ಫೋನ್. 250 ಹರ್ಟ್ಸ್, 124 ಡಿಬಿ. ಅದರ ಸದ್ದು ಗಾಳಿಯ ಒತ್ತಡದ ಜೊತೆ ಏರಿಳಿಯುತ್ತದೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ಅದು ಅರ್ಧ ಡಿಬಿಗಿಂತ ಜಾಸ್ತಿಯೇ ಕಡಿಮೆ ಕೊಡುತ್ತದೆ. ಚಿತ್ರದುರ್ಗ ಇನ್ನೂ ನೂರಕ್ಕೂ ಹೆಚ್ಚು ಮೀಟರ್ ಎತ್ತರ, ಅಲ್ಲಿ ಮತ್ತೂ ಕಡಿಮೆ. ಬ್ಯಾರೋಮೀಟರ್ ನೋಡಿ ಲೆಕ್ಕ ಸರಿಮಾಡಿಕೊಳ್ಳಬೇಕು. ನನ್ನ ಡಬ್ಬಿಗೆ ಈ ತಲೆನೋವಿಲ್ಲ. ಒಳಗೆ ತನ್ನದೇ ಒಂದು ಪುಟ್ಟ ಮೈಕ್ ಇಟ್ಟುಕೊಂಡು, ತನ್ನ ಸದ್ದನ್ನು ತಾನೇ ಕೇಳಿಕೊಂಡು ಸರಿಮಾಡಿಕೊಳ್ಳುತ್ತದೆ. ಬೆಳಿಗ್ಗೆ ದಾವಣಗೆರೆಯಲ್ಲಿ, ಮಧ್ಯಾಹ್ನ ಚಿತ್ರದುರ್ಗದಲ್ಲಿ ಹಾಕಿ ನೋಡಿದ್ದೇನೆ. ಮೀಟರಿನಲ್ಲಿ ಕೊನೆಯ ಅಂಕೆ ಕೂಡ ಅಲ್ಲಾಡಲಿಲ್ಲ.

ಮೊದಲ ವರ್ಷ ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಡಬ್ಬಿ ಮೇಲೆ 94.0 ಅಂತ ಬರೆದಿದೆಯಲ್ವಾ, ಮೀಟರನ್ನೂ 94.0ಗೆ ತಿರುಗಿಸಿ ಕೂರಿಸುತ್ತಿದ್ದೆ. ಒಂದು ಮಳೆಗಾಲದ ದಿನ ಕೆಲಸ ಇಲ್ಲದೆ ಮೀಟರಿನ ಪುಸ್ತಕ ಓದಿದಾಗ ಗೊತ್ತಾಯಿತು, ನನ್ನ ಮೈಕಿಗೆ ಅದು 93.8 ತೋರಿಸಬೇಕು. ಬಯಲಿನಲ್ಲಿ ಅಳೆಯಲು ಮಾಡಿದ ಮೈಕನ್ನು ಮುಚ್ಚಿದ ತೂತಿಗೆ ತೂರಿಸಿದಾಗ ಅಷ್ಟು ವ್ಯತ್ಯಾಸ ಬರುತ್ತದೆ. ಅಂದರೆ ಒಂದು ವರ್ಷ ಎಲ್ಲರಿಗೂ 0.2 ಡಿಬಿ ಜಾಸ್ತಿ ಬರೆದುಕೊಟ್ಟಿದ್ದೇನೆ. ಯಾರ ತಲೆಯೂ ಹೋಗಿಲ್ಲ, ಆದರೂ ಆವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಈ ಡಬ್ಬಿ ಚೆನ್ನಾಗಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಆ ರಬ್ಬರ್ ರಿಂಗ್ ಮೇಲೆ ನಿಂತಿದೆ. ಮೈಕನ್ನು ನಿಧಾನವಾಗಿ, ಸ್ವಲ್ಪ ತಿರುಗಿಸುತ್ತಾ ಒಳಗೆ ಬಿಡಬೇಕು. ರಭಸದಿಂದ ತುರುಕಿದರೆ ಒಳಗಿನ ಗಾಳಿ ಒತ್ತಿ ಮೈಕಿನ ತೆಳು ಪರದೆಗೆ ಪೆಟ್ಟು. ತಳ ಮುಟ್ಟಿದ ಮೇಲೆ ಹತ್ತು ಎಣಿಸಿ ಬಟನ್ ಒತ್ತಬೇಕು. ಅಂಕೆ ನಿಲ್ಲುವ ತನಕ ಕೈಯಲ್ಲಿ ಅಲ್ಲಾಡಿಸಬಾರದು. ಒಂದು ಅಕ್ಕಿ ಮಿಲ್ಲಿನಲ್ಲಿ ಅಂಕೆ 93.1ರಲ್ಲೇ ನಿಂತುಬಿಟ್ಟಿತು. ತೆಗೆದೆ, ಹಾಕಿದೆ, ಬ್ಯಾಟರಿ ಬದಲಿಸಿದೆ. ಅದೇ 93.1. ಮೈಕ್ ಕೆಟ್ಟಿತು ಅಂತ ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಯಿತು. ಹೊರಗೆ ಬಿಸಿಲಿಗೆ ಹಿಡಿದು ತೂತಿನೊಳಗೆ ನೋಡಿದರೆ ರಿಂಗಿಗೆ ಅಂಟಿಕೊಂಡು ಒಂದು ಭತ್ತದ ಹೊಟ್ಟು. ಉಗುರಿಗಿಂತ ಸಣ್ಣದು. ಮೈಕ್ ಪೂರ್ತಿ ಒಳಗೆ ಕೂತೇ ಇರಲಿಲ್ಲ. ಊದಿ ತೆಗೆದೆ, 93.8. ಆವತ್ತಿನಿಂದ ಡಬ್ಬಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತೇನೆ. ಖಾರ ಮಂಡಕ್ಕಿ, ಮಿರ್ಚಿ ತಿಂದ ಕೈಯಲ್ಲಿ ಮುಟ್ಟುವುದಿಲ್ಲ. ನಮ್ಮೂರಿನಲ್ಲಿ ಇದು ಸಣ್ಣ ವ್ರತ ಅಲ್ಲ.

ಅದೇ ಮಿಲ್ಲಿನಲ್ಲಿ 114ರ ಬೆಲೆಯೂ ಗೊತ್ತಾಯಿತು. ಸುತ್ತ ಯಂತ್ರಗಳ ಸದ್ದು ಜಾಸ್ತಿ ಇದ್ದರೆ 94ರಲ್ಲಿ ಅಂಕೆ ಕುಣಿಯುತ್ತದೆ, ಹೊರಗಿನ ಸದ್ದು ಒಳಗೂ ನುಸುಳುತ್ತದೆ. 114ಕ್ಕೆ ಹಾಕಿದರೆ ಗಪ್‌ಚುಪ್ ನಿಲ್ಲುತ್ತದೆ. ಒಂದೇ ಮಟ್ಟ ಕೊಡುವ ಮಾಡೆಲ್ ಅಗ್ಗಕ್ಕೆ ಸಿಗುತ್ತದೆ. ಮನೆಯಲ್ಲೇ ಬಳಸುವುದಾದರೆ ಅದು ಸಾಕು. ಕಾರ್ಖಾನೆಗಳಿಗೆ ಹೋಗುವವರು ಎರಡು ಮಟ್ಟದ್ದೇ ತಗೊಳ್ಳಿ.

ಲ್ಯಾಪ್‌ಟಾಪ್ ಮೈಕುಗಳದ್ದು ಬೇರೆಯೇ ಕಥೆ. ಒಂದರ ತಲೆ ಅರ್ಧ ಇಂಚಿಗೂ ಸರಿಹೊಂದುವುದಿಲ್ಲ, ಜೊತೆಗೆ ಬಂದ ಕಾಲು ಇಂಚಿನ ಅಡಾಪ್ಟರಿಗೂ ಇಲ್ಲ. ಇನ್ಸುಲೇಷನ್ ಟೇಪ್ ಸುತ್ತಿ ತೂರಿಸಿದೆ. ಸೋಮವಾರ ಒಂದು ಅಂಕೆ, ಮಂಗಳವಾರ ಇನ್ನೊಂದು. ಕೊನೆಗೆ ಸರಿಯಾದ ಬುಷ್ (ಮೈಕಿನ ಸುತ್ತ ಕೂರುವ ಬಳೆ) ಮಾಡಿಸಲು ಹರಿಹರಕ್ಕೆ ಹೋದೆ. ಮೈಸೂರು ಕಿರ್ಲೋಸ್ಕರ್‌ನವರು ಲೇಥ್ ಮಾಡುತ್ತಿದ್ದ ಊರು ಅದು. ಹಳೆ ಕೈಗಳು ಇನ್ನೂ ಅಲ್ಲಿವೆ. ಒಂದು ಸಣ್ಣ ಲೇಥ್ ಅಂಗಡಿಯ ಯಜಮಾನರು ಮೈಕನ್ನು ವರ್ನಿಯರ್‌ನಲ್ಲಿ ಮೂರು ಕಡೆ ಅಳೆದು ಕೇಳಿದರು, "ಪುಷ್ ಫಿಟ್ ಸಾಕೋ, ಟೈಟ್ ಬೇಕೋ ತಮ್ಮಾ?"

"ಗಾಳಿ ಹೋಗಬಾರದು ಯಜಮಾನ್ರೇ. ಆದರೆ ಮೈಕಿಗೆ ಗೀರು ಬೀಳಬಾರದು" ಅಂದೆ.

"ಹಂಗಾದ್ರೆ ನೈಲಾನ್‌ನಾಗೆ ಮಾಡಾಣ. ತಲೆ ಎಷ್ಟು ಹೊರಗೆ ಬರಬೇಕು?"

ಅದೇ ಸರಿಯಾದ ಪ್ರಶ್ನೆ. ಮೈಕಿನ ತಲೆ ಬುಷ್‌ನ ಮುಖಕ್ಕೆ ಸಮನಾಗಿ ನಿಲ್ಲಬೇಕು. ಹಿಂದೆ ಸರಿದರೆ ಒಳಗಿನ ಗಾಳಿಯ ಜಾಗ ಹೆಚ್ಚಾಗುತ್ತದೆ, ಸದ್ದಿನ ಮಟ್ಟ ಬದಲಾಗುತ್ತದೆ. ಅವರಿಗೆ ಡೆಸಿಬೆಲ್ ಗೊತ್ತಿಲ್ಲ, ಆದರೆ ಎಲ್ಲಿ ಹೆಚ್ಚುಕಮ್ಮಿ ಆದರೆ ಕೆಲಸ ಕೆಡುತ್ತದೆ ಅಂತ ಗೊತ್ತು. ಆ ಬುಷ್ ಈಗ ಮೂರನೇ ವರ್ಷದಲ್ಲಿದೆ. ಹತ್ತು ಸಲ ತೆಗೆದು ಹಾಕಿದರೂ 0.1 ಡಿಬಿ ಒಳಗೇ ಬರುತ್ತದೆ. ಆದರೆ ಹೀಗೆ ಮಾಡಿಸಿದ ಬುಷ್ ಹಾಕಿದ ಅಂಕೆಯನ್ನು ನಾನು ಯಾವ ರಿಪೋರ್ಟಿಗೂ ಬರೆಯುವುದಿಲ್ಲ. ನಿನ್ನೆಯ ಮೈಕ್ ಇವತ್ತೂ ಹಾಗೇ ಇದೆಯಾ ಅಂತ ನೋಡಲು ಅಷ್ಟೇ.

ನನ್ನ ಮಟ್ಟಿಗೆ ಈ ಡಬ್ಬಿಯ ನಿಜವಾದ ಉಪಯೋಗವೂ ಅದೇ. ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಹಾಕಿ ನೋಡಿ, ಎರಡೂ ಅಂಕೆ ನೋಟ್‌ಬುಕ್ಕಿಗೆ ಬರೆಯುವುದು. ವ್ಯತ್ಯಾಸ ಅರ್ಧ ಡಿಬಿ ದಾಟಿದರೆ ಆ ದಿನದ ಅಳತೆ ಕಸಕ್ಕೆ. ಕಳೆದ ವರ್ಷ ಒಂದು ಕಲ್ಯಾಣ ಮಂಟಪದಲ್ಲಿ ಯಾರೋ ಹುಡುಗ ಓಡಿಬಂದು ಸ್ಟ್ಯಾಂಡಿಗೆ ಎಡವಿದ. ಮೈಕ್ ಗ್ರಾನೈಟ್ ಮೇಲೆ ಠಣ್ ಅಂತ ಬಿತ್ತು. ಎತ್ತಿಕೊಂಡು ನೋಡಿದರೆ ಹೊರಗೆ ಏನೂ ಆಗಿಲ್ಲ, ಸಾಫ್ಟ್‌ವೇರ್‌ನಲ್ಲಿ ಗ್ರಾಫ್ ಬರುತ್ತಲೇ ಇದೆ. ಕೆಲಸ ಮುಂದುವರಿಸಿದೆ. ಸಂಜೆ ಡಬ್ಬಿಗೆ ಹಾಕಿದರೆ ಬೆಳಿಗ್ಗೆಗಿಂತ 1.4 ಡಿಬಿ ಕಡಿಮೆ. ಮರುದಿನ ಮತ್ತೆ ಹೋಗಿ ಇನ್ನೊಂದು ಮೈಕಿನಲ್ಲಿ ಎಲ್ಲವನ್ನೂ ಮೊದಲಿಂದ ಅಳೆದೆ. ಡೀಸೆಲ್ ನನ್ನ ಜೇಬಿನಿಂದ.

ಇಲ್ಲೇ ಇದರ ಮಿತಿಯೂ ಕಂಡಿತು. ಬಿದ್ದ ಮೈಕಿನ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) 1.4 ಏರಿಸಿದೆ, ಡಬ್ಬಿಯಲ್ಲಿ ಚೆಂದವಾಗಿ 94 ಬಂತು. ಆದರೆ ಎರಡು ಮೈಕನ್ನೂ ಅಕ್ಕಪಕ್ಕ ಇಟ್ಟು ಒಂದೇ ಸ್ಪೀಕರಿನ ಮುಂದೆ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಭೋರ್ ಸದ್ದು) ಹಾಕಿದರೆ 5000 ಹರ್ಟ್ಸ್ ಮೇಲೆ ಗೆರೆಗಳು ಬೇರೆ ಬೇರೆ ದಾರಿ ಹಿಡಿದವು. ಕ್ಯಾಲಿಬ್ರೇಟರ್ ಕೇಳುವುದು 1000 ಹರ್ಟ್ಸ್ ಒಂದನ್ನೇ. ಮೈಕ್ ಮೇಲಿನ ಸ್ವರಗಳಿಗೆ ಕಿವುಡಾಗಿದ್ದರೂ ಅದು 'ಸರಿ ಇದೆ' ಅನ್ನುತ್ತದೆ.

ಗಿರಾಕಿಗಳ ಮುಂದೆ ಮಾತ್ರ ಇದಕ್ಕೆ ವಕೀಲನಷ್ಟು ಬೆಲೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರ ಮೇಲೆ 45 ಡಿಬಿ ಅನ್ನುತ್ತವೆ 2000ದ ಶಬ್ದ ಮಾಲಿನ್ಯ ನಿಯಮಗಳು. 1000 ಕೆವಿಎ ಸಾಮರ್ಥ್ಯದ ತನಕದ ಹೊಸ ಜನರೇಟರ್ ಸೆಟ್ಟಿಗೆ ಕವಚದಿಂದ 1 ಮೀಟರ್ ದೂರದಲ್ಲಿ 75ರ ಮಿತಿ. ಹೊಸದಾಗಿ ಕೂರಿಸಿದ ಒಂದು ಸೆಟ್ಟಿಗೆ ನನ್ನ ಮೀಟರಿನಲ್ಲಿ 76.2 ಬಂತು. ಮಾಲೀಕರು ಮೊಬೈಲ್ ತೆಗೆದು ತೋರಿಸಿದರು, "ಏನ್ ಸಾರ್, ಇದರಾಗೆ 71 ಐತಲ್ಲ?" ನಾನು ವಾದ ಮಾಡಲಿಲ್ಲ. ಅವರ ಎದುರೇ ಮೀಟರಿಗೆ ಡಬ್ಬಿ ಹಾಕಿದೆ, 93.8. ಹೀಗೇ ಬರಬೇಕು ಅಂತ ಪುಸ್ತಕ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ನಿಂತು ಅವರು ಕೇಳಿದ್ದು, "ಹಂಗಾದ್ರೆ ನನ್ನ ಮೊಬೈಲಿಗೂ ಹಚ್ರಿ ನೋಡಾಣ." ಮೊಬೈಲ್ ಆ ತೂತಿಗೆ ಹೋಗುವುದಿಲ್ಲ ಅಂತ ತಿಳಿಸಿ ಹೇಳಲು ಜನರೇಟರ್ ಅಳೆದದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಇನ್ನು ದೂರುಗಳು. ಮಾರಿದವರು ಟೆಸ್ಟ್ ಸರ್ಟಿಫಿಕೇಟ್ ಬದಲು ಅದರ ಮಸುಕು ಜೆರಾಕ್ಸ್ ಕಳಿಸಿದರು, ಸೀರಿಯಲ್ ನಂಬರ್ ಕೂಡ ಓದಲು ಬರುತ್ತಿರಲಿಲ್ಲ. ಅಸಲು ಪ್ರತಿಗೆ ಆರು ಫೋನ್ ಮಾಡಬೇಕಾಯಿತು. ಬ್ಯಾಟರಿ ಮುಚ್ಚಳದ ಕೊಂಡಿ ಎರಡನೇ ವರ್ಷ ಮುರಿಯಿತು, ಈಗ ರಬ್ಬರ್ ಬ್ಯಾಂಡೇ ಗತಿ. ಮಳೆಗಾಲದಲ್ಲಿ ಒಮ್ಮೆ ಬ್ಯಾಟರಿ ಒಳಗೇ ಮರೆತು ಸೋರಿತು, ಅದು ನನ್ನದೇ ತಪ್ಪು. ಒಂದು ಮೆಚ್ಚುವ ಗುಣ ಅಂದರೆ ಬ್ಯಾಟರಿ ಇಳಿದರೆ ಸದ್ದು ಕಮ್ಮಿ ಮಾಡುವುದಿಲ್ಲ, ಪೂರ್ತಿ ಆಫ್ ಆಗಿಬಿಡುತ್ತದೆ. ಸುಳ್ಳು ಹೇಳುವುದಕ್ಕಿಂತ ಬಾಯಿ ಮುಚ್ಚಿಕೊಳ್ಳುವುದು ಒಳ್ಳೆಯದು ಅಲ್ವಾ. ಕೈಪಿಡಿಯಲ್ಲಿ 50 ಡಿಗ್ರಿ ತನಕ ಬಳಸಬಹುದು ಅಂತಿದೆ. ಏಪ್ರಿಲ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಅದನ್ನು ಆರಾಮಾಗಿ ದಾಟುತ್ತದೆ, ಅದಕ್ಕೇ ನೀರಿನ ಬಾಟಲಿ ಜೊತೆ ಚೀಲದೊಳಗೆ ಇಡುತ್ತೇನೆ. ಚಿತ್ರದುರ್ಗದ ಗಾಳಿಯಲ್ಲಿ ಕೆಲಸ ಮಾಡುವಾಗ ಮೈಕಿಗೆ ಸ್ಪಂಜ್ ಹಾಕಿರುತ್ತೇವೆ, ಅದನ್ನು ತೆಗೆದೇ ಪರೀಕ್ಷೆ ಮಾಡಬೇಕು. ಇದನ್ನೂ ಹೇಳಬೇಕಾ ಅಂದರೆ, ಹೌದು, ನಾನು ಮರೆತಿದ್ದೇನೆ.

ಡಬ್ಬಿಯನ್ನು ಪರೀಕ್ಷೆ ಮಾಡುವವರು ಯಾರು ಅಂತ ಕೇಳಬಹುದು. ವರ್ಷಕ್ಕೊಮ್ಮೆ ಬೆಂಗಳೂರಿಗೆ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸುತ್ತೇನೆ. ಕೊಳ್ಳುವಾಗ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಮ್ಮೆ ಬರಲು ಒಂದೂವರೆ ತಿಂಗಳಾಯಿತು, ಮದುವೆ ಸೀಸನ್ನಿನಲ್ಲಿ. ಆಗ ನೋಟ್‌ಬುಕ್ಕಿನಲ್ಲಿ ಅಷ್ಟು ದಿನ ಖಾಲಿ ಬಿಟ್ಟಿದ್ದೇನೆ. ಈ ಸಲ ಶ್ರಾವಣ ಶುರುವಾಗುವ ಮೊದಲೇ ಕಳಿಸಿದ್ದೆ, ಮೊನ್ನೆ ವಾಪಸ್ ಬಂತು. ಸರ್ಟಿಫಿಕೇಟಿನಲ್ಲಿ 93.97. ಹೋದ ವರ್ಷ 93.98 ಇತ್ತು. ಮುಚ್ಚಳಕ್ಕೆ ಹೊಸ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.