ಹೆಸರಿನ ಮುಂದೆ ‘ಡಾ.’ ಇದ್ದವರೆಲ್ಲ ಮನೋವೈದ್ಯರಲ್ಲ, ಎಚ್ಚರ!

ಹೆಸರಿನ ಮುಂದೆ ‘ಡಾ.’, ಗೋಡೆಯ ತುಂಬ ಪ್ರಮಾಣಪತ್ರಗಳು, ಫಲಕದಲ್ಲಿ ‘ಮನಸ್ಸಿನ ತಜ್ಞ’. ಇಷ್ಟನ್ನೇ ನೋಡಿ ಚಿಕಿತ್ಸೆಗೆ ಹೊರಟವರು ದಯವಿಟ್ಟು ಇದನ್ನು ಓದಿ. ಬರೆಯುವುದಕ್ಕೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಮನೋವೈದ್ಯೆಯೊಬ್ಬರು ಬರೆದುಕೊಟ್ಟ ಖಿನ್ನತೆಯ ಮಾತ್ರೆಯನ್ನು ನಾನು ಆಗಲೇ ತೆಗೆದುಕೊಳ್ಳುತ್ತಿದ್ದೆ. ಜೊತೆಗೆ ಮಾತಿನ ಚಿಕಿತ್ಸೆಯೂ ಇದ್ದರೆ ಒಳ್ಳೆಯದು ಎಂದು ಅವರೇ ಹೇಳಿದ್ದರು. ಹುಡುಕಿದಾಗ ಸಿಕ್ಕಿದವರು ಈ ಮಹಾಶಯರು. ಎಲ್ಲ ಭೇಟಿಗಳ ಹಣವನ್ನೂ ಮುಂಗಡವಾಗಿಯೇ ಕಟ್ಟಿಸಿಕೊಂಡರು. ಮೊದಲ ಭೇಟಿಯಲ್ಲೇ ಅಪ್ಪಣೆಯಾಯಿತು: “ಆ ಮಾತ್ರೆ ಇವತ್ತೇ ನಿಲ್ಲಿಸಿ. ಅದು ಇರುವವರೆಗೆ ನನ್ನ ಚಿಕಿತ್ಸೆ ಹಿಡಿಯುವುದಿಲ್ಲ.”

ನಿಲ್ಲಿಸಿದೆ. ಡಾಕ್ಟರ್ ಹೇಳಿದ ಮೇಲೆ ಯಾರು ತಾನೆ ನಿಲ್ಲಿಸುವುದಿಲ್ಲ? ಕೆಲವೇ ದಿನಗಳಲ್ಲಿ ತಲೆಸುತ್ತು, ವಾಕರಿಕೆ, ನಿದ್ದೆಯಿಲ್ಲ, ಕತ್ತು ತಿರುಗಿಸಿದರೆ ತಲೆಯೊಳಗೆ ವಿದ್ಯುತ್ ಹೊಡೆದಂತೆ. ಸಂದೇಶ ಕಳುಹಿಸಿದರೆ ಬಂದ ಉತ್ತರ: “ವಿಷ ಹೊರಹೋಗುತ್ತಿದೆ, ಸಂತೋಷಪಡಿ.” ಸಂತೋಷಪಡಬೇಕಂತೆ!

ಕೊನೆಗೆ ಮನೋವೈದ್ಯೆಗೆ ಫೋನ್ ಮಾಡಿದೆ. ಇಂಥ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಹೀಗೆ ಆಗಬಹುದು, ಬಿಡುವುದಾದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪ್ರಮಾಣ ಇಳಿಸುತ್ತ ಬರಬೇಕು ಎಂದರು. ಆಮೇಲೆ ಕೇಳಿದರು: “ಅವರು ಯಾವ ಡಾಕ್ಟರ್?”

ಅದನ್ನೇ ಹೋಗಿ ಕೇಳಿದೆ. ಪಿಎಚ್‌.ಡಿ.ಯಂತೆ. ಯಾವುದರಲ್ಲಿ? ವ್ಯವಹಾರ ನಿರ್ವಹಣೆಯಲ್ಲಿ! ನೋಂದಣಿ ಸಂಖ್ಯೆ ಕೊಡಿ ಎಂದರೆ “ನಂಬಿಕೆ ಇಲ್ಲದವರಿಗೆ ಗುಣವಾಗುವುದಿಲ್ಲ” ಎಂದರು. ಹಣ ವಾಪಸ್ ಕೇಳಿದಾಗ ನನ್ನದೇ ರಸೀದಿಯನ್ನು ನನ್ನ ಮುಂದೆ ಹಿಡಿದರು: ‘ಜೀವನ ತರಬೇತಿ ಶುಲ್ಕ’. “ಚಿಕಿತ್ಸೆ ಕೊಡುತ್ತೇನೆಂದು ಎಲ್ಲಿ ಬರೆದಿದೆ, ತೋರಿಸಿ.” ಎಲ್ಲಿಯೂ ಬರೆದಿರಲಿಲ್ಲ. ಬಾಯಲ್ಲಿ ಚಿಕಿತ್ಸೆ, ರಸೀದಿಯಲ್ಲಿ ತರಬೇತಿ. ಮೈಯೆಲ್ಲ ಉರಿದುಹೋಯಿತು.

ಮನೋವೈದ್ಯರು ವೈದ್ಯಕೀಯ ಓದಿ, ಆಮೇಲೆ ಮನೋರೋಗದಲ್ಲಿ ಪರಿಣತಿ ಪಡೆದವರು. ಔಷಧಿ ಬರೆಯುವುದು, ಬದಲಿಸುವುದು, ನಿಲ್ಲಿಸುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರದಲ್ಲೇ ಉನ್ನತ ಪದವಿ ಪಡೆದು, ರೋಗಿಗಳ ನಡುವೆ ತರಬೇತಿಯಾದವರು. ಪರೀಕ್ಷೆ, ಥೆರಪಿ ಅವರದು; ಬಹುತೇಕ ದೇಶಗಳಲ್ಲಿ ಅವರು ಔಷಧಿ ಬರೆಯುವಂತಿಲ್ಲ. (ಅವರಲ್ಲಿ ಪಿಎಚ್‌.ಡಿ. ಮಾಡಿದವರೂ ‘ಡಾ.’ ಎನ್ನುತ್ತಾರೆ, ಅದು ಸರಿಯೇ.) ಆಪ್ತಸಮಾಲೋಚಕರ ತರಬೇತಿ ಒಂದೊಂದು ಕಡೆ ಒಂದೊಂದು ರೀತಿ, ದುಃಖ, ಸಂಸಾರದ ಜಗಳ, ಕೆಲಸದ ಒತ್ತಡಕ್ಕೆ ಒಳ್ಳೆಯವರು ನಿಜಕ್ಕೂ ನೆರವಾಗುತ್ತಾರೆ. ‘ಲೈಫ್ ಕೋಚ್’ (ಜೀವನ ತರಬೇತುದಾರ) ಎಂಬ ಫಲಕವನ್ನಂತೂ ಬಹಳ ಕಡೆ ಯಾರು ಬೇಕಾದರೂ ತೂಗುಹಾಕಿಕೊಳ್ಳಬಹುದು.

ಪದವಿ ಯಾವ ವಿಷಯದಲ್ಲಿ, ನೋಂದಣಿ ಎಲ್ಲಿ ಎಂದು ಮೊದಲೇ ಕೇಳಿ, ನೋಂದಣಿ ಪಟ್ಟಿಯಲ್ಲಿ ನೀವೇ ಹುಡುಕಿ. ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ. ಹಣ ಒಟ್ಟಿಗೆ ಕಟ್ಟಬೇಡಿ. ಮಾತ್ರೆ ಬಿಡುವ ಮಾತಿದ್ದರೆ ಬರೆದುಕೊಟ್ಟವರನ್ನೇ ಕೇಳಿ.

ನನ್ನ ಹಣ ಇನ್ನೂ ಬಂದಿಲ್ಲ. ಮೊನ್ನೆ ಬಂದದ್ದು ಅವರ ಸಂದೇಶ: “ನಿಮ್ಮ ಉಳಿದ ಭೇಟಿಗಳ ಅವಧಿ ಮುಗಿಯುತ್ತಿದೆ.”