ಪ್ರೀಮಿಯಂ ಏರಿತೆಂದು ಹಳೇ ಪಾಲಿಸಿ ಬಿಟ್ಟು ಕೆಟ್ಟೆ

ಪಿಎಫ್ ಪೆನ್ಷನ್ ನಂಬಿಕೊಂಡಿರುವ ನಿವೃತ್ತರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಪೀಣ್ಯದಲ್ಲಿ ದುಡಿದವನು. ಪಿಎಫ್‌ನಿಂದ ಬರುವ ಇಪಿಎಸ್ ಪೆನ್ಷನ್ ತಿಂಗಳಿಗೆ 3,150 ರೂಪಾಯಿ. ನನಗೂ ಹೆಂಡತಿಗೂ ಸೇರಿ 2011ರಿಂದ 5 ಲಕ್ಷದ ಆರೋಗ್ಯ ವಿಮೆ ಇತ್ತು. ಒಂದು ವರ್ಷವೂ ಕಂತು ತಪ್ಪಿಸಿರಲಿಲ್ಲ, ಒಂದು ರೂಪಾಯಿ ಕ್ಲೇಮ್ ಮಾಡಿರಲಿಲ್ಲ.

2023ರಲ್ಲಿ ನನಗೆ 65 ದಾಟಿತು. ಹಿಂದಿನ ವರ್ಷ 32 ಸಾವಿರ ಚಿಲ್ಲರೆ ಇದ್ದ ಪ್ರೀಮಿಯಂ 51,802 ಆಯಿತು. ಅದರಲ್ಲಿ ಜಿಎಸ್‌ಟಿಯೇ 7,902, ಅಂದರೆ ನನ್ನ ಎರಡೂವರೆ ತಿಂಗಳ ಪೆನ್ಷನ್. ಇಡೀ ವರ್ಷದ ಪೆನ್ಷನ್ ಸುರಿದರೂ ಕಂತು ತೀರುತ್ತಿರಲಿಲ್ಲ. ಎದುರು ಮನೆಯವರು ಕೇಂದ್ರ ಸರ್ಕಾರದ ನಿವೃತ್ತರು. ಅವರ ಶ್ರೇಣಿಗೆ 10 ವರ್ಷದ ವಂತಿಗೆ 54,000 ಒಂದೇ ಸಲ ಕಟ್ಟಿ, ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ಆಜೀವ ಕಾರ್ಡ್ ಮಾಡಿಸಿಕೊಂಡಿದ್ದಾರೆ. ಅವರು ಜೀವಮಾನಕ್ಕೊಮ್ಮೆ ಕಟ್ಟಿದ್ದನ್ನು ಹತ್ತಿರ ಹತ್ತಿರ ನಾನು ವರ್ಷವರ್ಷ ಕಟ್ಟಬೇಕು. ವಯಸ್ಸಾದಂತೆ ಪ್ರೀಮಿಯಂ ಏರುತ್ತದೆ, ಸರಿ, ಒಪ್ಪೋಣ. ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಸುಮ್ಮನೆ ಕಟ್ಟಿದ 12 ವರ್ಷ ಯಾವ ಲೆಕ್ಕಕ್ಕೆ ಹೋಯಿತು?

ಕಂತಿನ ಗಡುವಿಗೆ 9 ದಿನ ಉಳಿದಿದ್ದಾಗ ಪರಿಚಯದ ಏಜೆಂಟ್ ಹುಡುಗ ಬಂದ. "ಅಂಕಲ್, ಇದನ್ನ ಬಿಟ್ಟಾಕಿ. ಬೇರೆ ಕಂಪನಿಗೆ ಪೋರ್ಟ್ ಮಾಡಿಸ್ತೀನಿ, 29 ಸಾವಿರಕ್ಕೆ ಮುಗಿಯುತ್ತೆ" ಅಂದ. ಪೋರ್ಟ್ ಅಂದರೆ ಹಳೇ ಪಾಲಿಸಿಯ ಅನುಕೂಲ ಉಳಿಸಿಕೊಂಡು ಕಂಪನಿ ಬದಲಿಸುವುದು. ಜಗಲಿ ಮೇಲೆ ಕೂತು ತನ್ನ ಮೊಬೈಲಲ್ಲೇ ಫಾರಂ ತುಂಬಿದ. ನಾನು ಶುಗರ್ ಮಾತ್ರೆ ಪಟ್ಟಿ ತೋರಿಸಿದೆ, "ಅದೆಲ್ಲ ಹಳೇ ಪಾಲಿಸಿಯಿಂದ ಬರುತ್ತೆ ಅಂಕಲ್" ಅಂದ. ಓಟಿಪಿ ಕೇಳಿದ, ಕೊಟ್ಟೆ.

2024ರ ಡಿಸೆಂಬರ್‌ನಲ್ಲಿ ಎದೆನೋವು ಬಂದು ಒಂದು ಸ್ಟೆಂಟ್ ಹಾಕಿದರು. ಬಿಲ್ 2,36,000. ರಾತ್ರಿ ಪಾಳಿಯ ಡಾಕ್ಟರಮ್ಮ ಶುಗರ್ ಎಷ್ಟು ವರ್ಷದಿಂದ ಅಂತ ಕೇಳಿದ್ದಕ್ಕೆ 9 ವರ್ಷ ಅಂದಿದ್ದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದೇ ಬಂತು. ಆ ಒಂದು ಸಾಲು ಹಿಡಿದು ಕ್ಲೇಮ್ ತಿರಸ್ಕರಿಸಿದರು. ಫಾರಂನಲ್ಲಿ ಮಧುಮೇಹದ ಪ್ರಶ್ನೆಯ ಮುಂದೆ "ಇಲ್ಲ" ಎಂದಿತ್ತಂತೆ. ಪಾಲಿಸಿಯನ್ನೂ ರದ್ದು ಮಾಡಿದರು. ವಕೀಲನಾಗಿರುವ ಅಕ್ಕನ ಮಗನಿಗೆ ಕಾಗದ ತೋರಿಸಿದರೆ, "ಮಾವ, ಓಟಿಪಿ ಕೊಟ್ಟಿದ್ದು ನೀವೇ ಅಲ್ವಾ" ಅಂದ. ಆಮೇಲೆ ಹೇಳಿದ, ಇದು ಪೋರ್ಟೇ ಅಲ್ಲ, ಹೊಸ ಪಾಲಿಸಿ ಅಂತ.

ಪೋರ್ಟ್ ಮಾಡಿಸಬೇಕಾದರೆ ರಿನ್ಯೂವಲ್‌ಗೆ ಸಾಮಾನ್ಯವಾಗಿ 45 ದಿನ ಮೊದಲೇ ಅರ್ಜಿ ಹಾಕಬೇಕು. 9 ದಿನ ಇರುವಾಗ ಪೋರ್ಟ್ ಅಂದವನ ಮಾತಿನ ಮೇಲೆ ಅಲ್ಲೇ ಅನುಮಾನ ಬರಬೇಕಿತ್ತು. ನಿಜವಾದ ಪೋರ್ಟ್ ಆದರೆ ಹಳೇ ಕಂಪನಿಯಲ್ಲಿ ಕಳೆದ ಕಾಯುವ ಅವಧಿ (ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಕಾಲ) ಹೊಸ ಪಾಲಿಸಿಗೂ ಸೇರುತ್ತದೆ. ಪಾಲಿಸಿ ಕೈಗೆ ಬಂದ ದಿನವೇ ಹಿಂದಿನ ಪಾಲಿಸಿಯ ವಿವರ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ವಾಪಸ್ ಮಾಡಿ, ಅದಕ್ಕೆ ಈಗ 30 ದಿನ ಅವಕಾಶವಿದೆ. ಫಾರಂನ ಪ್ರತಿ ಕೈಗೆ ಬಂದು ಓದುವವರೆಗೂ ಓಟಿಪಿ ಹೇಳಬೇಡಿ. ಕಟ್ಟಲಾಗದಿದ್ದರೆ ಹಳೇ ಕಂಪನಿಯಲ್ಲೇ ವಿಮಾ ಮೊತ್ತವನ್ನು 5 ಲಕ್ಷದಿಂದ 3 ಲಕ್ಷಕ್ಕೆ ಇಳಿಸಲು ಕೇಳಿ. ನನ್ನ ಶುಗರ್ ಹಳೇ ಪಾಲಿಸಿ ಶುರುವಾದ ಮೇಲೆ ಬಂದದ್ದು, ಅಲ್ಲೇ ಇದ್ದಿದ್ದರೆ ಅದನ್ನು ಯಾರೂ ಕೆದಕುತ್ತಿರಲಿಲ್ಲ.

60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ತನ್ನನ್ನು ಕೇಳಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿದ್ದು 2025ರ ಜನವರಿಯಲ್ಲಿ. ವೈಯಕ್ತಿಕ ಪಾಲಿಸಿಗಳ ಜಿಎಸ್‌ಟಿ ಹೋಗಿದ್ದು ಅದೇ ವರ್ಷ ಸೆಪ್ಟೆಂಬರ್ 22ಕ್ಕೆ. ಉಚಿತ ಚಿಕಿತ್ಸೆ ಕೊಡುವ ಕೇಂದ್ರದ ವಯ ವಂದನಾ ಕಾರ್ಡ್ 70 ತುಂಬಿದವರಿಗೆ. ನನಗೆ ಒಂದೂ ಒದಗಲಿಲ್ಲ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನನ್ನಾಕೆ ಗಾರ್ಮೆಂಟ್ಸ್‌ನಲ್ಲಿ 14 ವರ್ಷ ಹೊಲಿದು ನಿವೃತ್ತಳಾದವಳು, ಸಂಬಳದಲ್ಲಿ ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಹಣ ಹಿಡಿಯುತ್ತಿದ್ದರು. ಕನಿಷ್ಠ 5 ವರ್ಷ ಇಎಸ್‌ಐನಲ್ಲಿದ್ದು ವಯೋನಿವೃತ್ತಿ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಕೆಲಸ ಬಿಡುವಾಗ ಯಾರೂ ಹೇಳಲಿಲ್ಲ. ಈ ವರ್ಷ ಬಸ್ಸಿನಲ್ಲಿ ಸಿಕ್ಕ ಅವಳ ಹಳೇ ಜೊತೆಗಾರ್ತಿ ಹೇಳಿದಳು. ಬೀರು ಹುಡುಕಿದರೆ ಇಎಸ್‌ಐ ಕಾರ್ಡ್ ನನ್ನ ಪ್ರೀಮಿಯಂ ರಸೀದಿಗಳಿದ್ದ ಕವರಿನಲ್ಲೇ ಇತ್ತು.