ಕಾರ್ಪೊರೇಟ್ ಆರ್‌ಎಂಒ, 11 ತಿಂಗಳ ಕಾಂಟ್ರಾಕ್ಟ್, ಪರ್ಮನೆಂಟ್ ಪಿಎಚ್‌ಸಿ: ಪುಣೆಯಲ್ಲಿ ಮೂರೂ ಮಾಡಿ ನೋಡಿದೆ

ಎಂಬಿಬಿಎಸ್ ಮುಗಿಸಿದ ಡಾಕ್ಟರ್‌ಗೆ ಯಾವ ನೌಕರಿ ಚಲೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪರ್ಮನೆಂಟ್ ಸರ್ಕಾರಿ ನೌಕರಿಗೆ, ಅಂದರೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ). ಕ್ವಾರ್ಟರ್ಸ್ ಸೋರುತ್ತದೆ, ಪೋಸ್ಟ್‌ಮಾರ್ಟಂ ಮಾಡಬೇಕು, ಮಂತ್ರಿ ಬಂದರೆ ಆಂಬುಲೆನ್ಸ್ ಪಕ್ಕ ಬಿಸಿಲಲ್ಲಿ ನಿಲ್ಲಬೇಕು. ಎಲ್ಲ ಗೊತ್ತಿದ್ದೂ ಅದಕ್ಕೇ.

ನಾನು ಅಕ್ಕಲಕೋಟೆ ಕಡೆಯವಳು. ಓದಿದ್ದು ಕನ್ನಡ ಶಾಲೆಯಲ್ಲಿ, ಎಂಬಿಬಿಎಸ್ ಮಾಡಿದ್ದು ಸರ್ಕಾರಿ ಕಾಲೇಜಿನಲ್ಲಿ. ಮಹಾರಾಷ್ಟ್ರದಲ್ಲಿ ಹಾಗೆ ಓದಿದವರಿಗೆ ಒಂದು ವರ್ಷದ ಬಾಂಡ್ ಇದೆ. ಸೇವೆ ಮಾಡದಿದ್ದರೆ 10 ಲಕ್ಷ ಕಟ್ಟಬೇಕು. ಅಷ್ಟು ದುಡ್ಡು ನಮ್ಮಪ್ಪ ಒಟ್ಟಿಗೆ ಕಂಡವರೇ ಅಲ್ಲ, ಹಾಗಾಗಿ ಬಾಂಡ್ ಮುಗಿಸಿಯೇ ಪುಣೆಗೆ ಬಂದೆ. ಈಗ ವಿಜಯಪುರ, ಕಲಬುರ್ಗಿ, ಸೊಲ್ಲಾಪುರದ ಜೂನಿಯರ್‌ಗಳು ಫೋನ್ ಮಾಡಿ "ಅಕ್ಕಾ, ಯಾವ್ದು ಚಲೋರಿ?" ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಪಿಜಿ ಓದುತ್ತಾ ಆಸ್ಪತ್ರೆಯಲ್ಲಿ ದುಡಿಯುವ ರೆಸಿಡೆನ್ಸಿಯನ್ನು ಇಲ್ಲಿ ಸೇರಿಸಿಲ್ಲ. ಸತತ 12 ಗಂಟೆಗಿಂತ ಜಾಸ್ತಿ ಡ್ಯೂಟಿ ಬೇಡ, ವಾರಕ್ಕೆ 48 ಗಂಟೆ ಎಂದು ಕೇಂದ್ರದ ನಿಯಮ 1992ರಲ್ಲೇ ಬಂದಿದೆ. ರೆಸಿಡೆಂಟ್ ಆಗಿದ್ದ ಯಾರನ್ನಾದರೂ ಕೇಳಿ, ನಗುತ್ತಾರೆ.

ಮೊದಲು ಕಾರ್ಪೊರೇಟ್ ಆಸ್ಪತ್ರೆ. ಅಲ್ಲಿ ನಾನು ಆರ್‌ಎಂಒ, ಅಂದರೆ ವಾರ್ಡ್ ನೋಡಿಕೊಳ್ಳುವ ಡ್ಯೂಟಿ ಡಾಕ್ಟರ್. ಎಸಿ, ಕಾಫಿ ಮಷೀನ್, ಸ್ವಚ್ಛ ಟಾಯ್ಲೆಟ್, ಗೇಟಲ್ಲಿ ಸೆಕ್ಯುರಿಟಿ. ಸಂಬಳ ತಪ್ಪದೆ ತಿಂಗಳ ಮೊದಲ ವಾರದಲ್ಲಿ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಮೊತ್ತ ಮೇಲೇರುವುದಿಲ್ಲ. ಅದೇ ವಾರ್ಡ್ ಡ್ಯೂಟಿಗೆ ಬಿಎಎಂಎಸ್ (ಆಯುರ್ವೇದ), ಬಿಎಚ್‌ಎಂಎಸ್ (ಹೋಮಿಯೋಪತಿ) ಓದಿದವರು ಇನ್ನೂ ಕಮ್ಮಿಗೆ ಬರುತ್ತಾರೆ. ಮ್ಯಾನೇಜ್‌ಮೆಂಟ್‌ಗೆ ಅದು ಚೆನ್ನಾಗಿ ಗೊತ್ತು. ರಾತ್ರಿ ಪಾಳಿಯಲ್ಲಿ ನಾನು ರೋಗಿ ನೋಡಿದ್ದಕ್ಕಿಂತ ಇನ್ಶೂರೆನ್ಸ್‌ನವರ ಪ್ರಶ್ನೆಗೆ ಉತ್ತರ ಬರೆದದ್ದೇ ಜಾಸ್ತಿ. "ಈ ರೋಗಿಯನ್ನು ಓಪಿಡಿಯಲ್ಲೇ ಯಾಕೆ ನೋಡಲಿಲ್ಲ, ಅಡ್ಮಿಟ್ ಯಾಕೆ ಬೇಕಾಯಿತು, ಸಮರ್ಥಿಸಿ." ರಾತ್ರಿ ಎರಡಕ್ಕೆ ಡೆಂಗಿ ರೋಗಿಯ ಪ್ಲೇಟ್‌ಲೆಟ್ ನೋಡಬೇಕಾದವಳು ಡೆಂಗಿಗೆ ಅಡ್ಮಿಟ್ ಯಾಕೆ ಬೇಕು ಎಂದು ಟೈಪ್ ಮಾಡುತ್ತಾ ಕೂತಿರುತ್ತಿದ್ದೆ. ಒಂದು ಮಾತು ಮಾತ್ರ ನಿಜ. ಅಲ್ಲಿ ಯಾವತ್ತೂ ಒಬ್ಬಳೇ ಇರಲಿಲ್ಲ. ಏನಾದರೂ ಆದರೆ ಕರೆಯಲು ಐಸಿಯುನಲ್ಲಿ ಒಬ್ಬ ಸೀನಿಯರ್ ಇರುತ್ತಿದ್ದರು.

ಎರಡನೆಯದು ಕಾಂಟ್ರಾಕ್ಟ್. ಪುಣೆ ಸುತ್ತಮುತ್ತಲಿನ ಒಂದು ಸ್ಥಳೀಯ ಸಂಸ್ಥೆಯ ದವಾಖಾನೆ, ಹೆಸರು ಬೇಡ. ಮಹಾರಾಷ್ಟ್ರದಲ್ಲಿ 2023ರಿಂದ 'ಆಪಲಾ ದವಾಖಾನಾ' ಎಂದು ಊರೂರಲ್ಲಿ ತೆರೆದರಲ್ಲ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ, ಹೆಚ್ಚುಕಮ್ಮಿ ಅಂಥದ್ದೇ. ತಿಂಗಳಿಗೆ 60,000 ರೂಪಾಯಿ. ಇಂಥ ಹುದ್ದೆಗೆ ಎಂಬಿಬಿಎಸ್‌ನವರಿಗೆ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಕಾಣುವ ಮೊತ್ತ ಇದೇ.

ಕೆಲಸದ ಮಟ್ಟಿಗೆ ಹೇಳಿದರೆ ಮೂರರಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಇದು. ಬರುವವರೆಲ್ಲ ಕಟ್ಟಡದ ಕೆಲಸದವರು, ಮನೆಗೆಲಸದವರು. ಅರ್ಧಕ್ಕರ್ಧ ಕಲಬುರ್ಗಿ, ಯಾದಗಿರಿ ಕಡೆಯ ಜನ. ಮರಾಠಿಯಲ್ಲಿ ತಡವರಿಸುತ್ತಾ ಹೊಟ್ಟೆನೋವು ವಿವರಿಸುತ್ತಿದ್ದ ಒಬ್ಬ ಅಜ್ಜಿಗೆ "ಎಷ್ಟ್ ದಿನ ಆತು, ಅವ್ವಾ?" ಎಂದೆ. "ಅಯ್ಯ ನನ್ನವ್ವ, ನೀ ನಮ್ ಕಡೀಕೇನ?" ಎಂದು ಕೈ ಹಿಡಿದುಕೊಂಡು, ಹೊಟ್ಟೆನೋವು ಬಿಟ್ಟು ಸೊಸೆಯ ಸುದ್ದಿ ಶುರು ಮಾಡಿದಳು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಕಡೆ ಜಿಬಿಎಸ್ (ಕೈಕಾಲಿನ ಶಕ್ತಿ ಹೋಗುವ ನರದ ಕಾಯಿಲೆ) ಹರಡಿದಾಗ ನಮ್ಮಲ್ಲೂ ಜನ ಹೆದರಿ ಸಾಲುಗಟ್ಟಿದರು. ಕಾಲು ಜೋಮು ಹಿಡಿದವರೆಲ್ಲ ಬಂದರು. ಅವರ ಮೊಣಕಾಲಿಗೆ ಹ್ಯಾಮರ್ ತಟ್ಟಿ ನೋಡಿ, ಟ್ಯಾಂಕರ್ ನೀರು ಕುದಿಸಿ ಕುಡೀರಿ ಎಂದು ಹೇಳಿ ಕಳಿಸಿದ ಆ ವಾರಗಳಲ್ಲಿ ನಾನು ಡಾಕ್ಟರ್ ಆದದ್ದಕ್ಕೆ ಅರ್ಥ ಇದೆ ಅನಿಸಿತ್ತು.

ಹಾಗಿದ್ದರೆ ಬಿಟ್ಟದ್ದು ಯಾಕೆ? ಬ್ರೇಕ್.

ನೇಮಕದ ಆರ್ಡರ್ 11 ತಿಂಗಳದ್ದು. ಅದು ಮುಗಿದ ಮೇಲೆ ಒಂದು ದಿನ ನೀವು ನೌಕರಿಯಲ್ಲಿ ಇಲ್ಲ. ಮರುದಿನದಿಂದ ಹೊಸ ಆರ್ಡರ್. ಸೇವೆ ಸತತ ಎಂದು ಯಾರೂ ಮುಂದೆ ಹಕ್ಕು ಕೇಳಬಾರದು ಎಂದು ಇಟ್ಟಿರುವ ಬೇಲಿ ಇದು. ಪುಣೆಯಲ್ಲಿ ಬಾಡಿಗೆ ಮನೆಯ ಅಗ್ರಿಮೆಂಟೂ 11 ತಿಂಗಳು, ಡಾಕ್ಟರ ಆರ್ಡರೂ 11 ತಿಂಗಳು. ಮನೆ ಮಾಲೀಕರೇ ವಾಸಿ, ಒಂದು ರಾತ್ರಿ ಹೊರಗೆ ಮಲಗಿ ಬನ್ನಿ ಅನ್ನುವುದಿಲ್ಲ.

ಒಂದು ದಿನ ತಾನೇ ಅಂತೀರಾ? ಆ ಒಂದು ದಿನ ಇಡೀ ವರ್ಷವನ್ನು ತಿನ್ನುತ್ತದೆ. ಹೊಸ ಆರ್ಡರ್ ಮರುದಿನದ ತಾರೀಖು ಹೊತ್ತು ಬರುತ್ತದೆ ನಿಜ, ಆದರೆ ಬರುವುದು ವಾರಗಳ ನಂತರ. ಫೈಲು ಆರೋಗ್ಯ ವಿಭಾಗದಿಂದ ಅಕೌಂಟ್ಸ್‌ಗೆ, ಅಲ್ಲಿಂದ ದೊಡ್ಡ ಸಾಹೇಬರ ಸಹಿಗೆ. ಅಷ್ಟು ದಿನ ನೀವು ಮಸ್ಟರ್‌ನಲ್ಲಿ ಸಹಿ ಹಾಕಿ ರೋಗಿ ನೋಡುತ್ತಿರಬೇಕು. ಆರ್ಡರ್ ನಂಬರ್ ಇಲ್ಲದೆ ಬಿಲ್ ಆಗುವುದಿಲ್ಲ, ಬಿಲ್ ಆಗದೆ ದುಡ್ಡು ಬರುವುದಿಲ್ಲ. ಕ್ಲರ್ಕ್‌ಗೆ ಫೋನ್ ಮಾಡಿದರೆ "ಮ್ಯಾಡಂ, ಫೈಲ್ ಮೇಲೆ ಹೋಗಿದೆ" ಎಂಬ ಒಂದೇ ಮಾತು. ಉಳಿದ ರಜೆ ಬ್ರೇಕ್ ದಿನಕ್ಕೆ ಸತ್ತುಹೋಗುತ್ತದೆ. ಹೊಸ ಆರ್ಡರ್‌ನಲ್ಲಿ ಮತ್ತೆ ಸೊನ್ನೆಯಿಂದ ಲೆಕ್ಕ.

ಕೈಗೆ ಬರುವುದು 60,000 ಕೂಡ ಅಲ್ಲ. ನನ್ನನ್ನು ನೌಕರಳೆಂದು ತೋರಿಸದೆ, ಪ್ರೊಫೆಷನಲ್ ಫೀ ಕೊಡುತ್ತೇವೆ ಎಂದು ತೋರಿಸಿ 10% ಟಿಡಿಎಸ್ ಮುರಿಯುತ್ತಿದ್ದರು. ಅಂದರೆ 54,000. ವೃತ್ತಿಪರರಿಗೆಂದು ಇರುವ ಆದಾಯ ತೆರಿಗೆಯ 44ಎಡಿಎ ಕಲಮಿನ ಅಡಿ ರಿಟರ್ನ್ ಹಾಕಿದರೆ ಅರ್ಧ ಮೊತ್ತವನ್ನೇ ಆದಾಯ ಎಂದು ತೋರಿಸಬಹುದು, ಮುರಿದ ದುಡ್ಡು ವಾಪಸ್ ಬರುತ್ತದೆ. ಆದರೆ ಬರುವುದು ಮುಂದಿನ ವರ್ಷ. ಕಾಂಟ್ರಾಕ್ಟ್‌ನಲ್ಲಿರುವವರು ಇದನ್ನಂತೂ ಮಾಡಿ. ರಿಟರ್ನ್ ಹಾಕದೆ ಆ ದುಡ್ಡನ್ನು ಹಾಗೇ ಬಿಟ್ಟ ಡಾಕ್ಟರ್‌ಗಳು ನನಗೇ ಗೊತ್ತು.

ಬ್ಯಾಂಕಿಗೆ ಮನೆ ಸಾಲ ಕೇಳಲು ಹೋದಾಗ ಇದೆಲ್ಲ ಒಟ್ಟಿಗೆ ಎದುರು ಬಂತು. ಸಂಬಳದವರಿಗೆ ಸಿಗುವ ಫಾರ್ಮ್ 16 ಕೊಡಿ ಎಂದರು. ನನ್ನ ಹತ್ತಿರ ಇದ್ದದ್ದು ಫೀ ಪಡೆಯುವವರ 16ಎ. ಸ್ಯಾಲರಿ ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಆರ್ಡರ್ ಕಾಪಿ ತೋರಿಸಿದೆ. ಆ ಹುಡುಗ ಅದನ್ನು ಪೂರ್ತಿ ಓದಿ, ಕೊನೆಯ ತಾರೀಖಿನ ಸುತ್ತ ಪೆನ್ಸಿಲಿನಲ್ಲಿ ಗುಂಡು ಎಳೆದು, ಕಾಗದವನ್ನು ನನ್ನ ಕಡೆ ತಿರುಗಿಸಿದ. ಸಾಲ 20 ವರ್ಷದ್ದು, ನನ್ನ ನೌಕರಿಯಲ್ಲಿ ಉಳಿದದ್ದು ನಾಲ್ಕು ತಿಂಗಳು. ಅವನದು ತಪ್ಪಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನನ್ನ ಜೊತೆಗಿದ್ದವಳು ಬಸುರಿಯಾದಾಗ ಹೆರಿಗೆ ತಾರೀಖು ಆರ್ಡರ್ ಮುಗಿಯುವ ತಾರೀಖಿನ ಆಚೆ ಬಿತ್ತು. "ರಿನ್ಯೂವಲ್ ಆಮೇಲೆ ನೋಡೋಣ" ಎಂದರು. ಇದೇ ಜಗಳ ದೆಹಲಿಯಲ್ಲಿ ಒಬ್ಬ ಕಾಂಟ್ರಾಕ್ಟ್ ವೈದ್ಯೆಯ ಕೇಸಾಗಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಕಾಂಟ್ರಾಕ್ಟ್ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಎಂದು 2023ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಆ ತೀರ್ಪಿನ ಪ್ರಿಂಟ್ ತೆಗೆದು ಅರ್ಜಿಗೆ ಪಿನ್ ಮಾಡಿ ಕೊಟ್ಟಳು. ಉಪಯೋಗವಾಯಿತು.

ಕಾಂಟ್ರಾಕ್ಟ್ ಮುಂದೆ ಪರ್ಮನೆಂಟ್ ಆಗುತ್ತದೆ ಎಂದು ಕಾಯಬಹುದು ಅಲ್ವಾ ಎಂದು ಕೇಳುತ್ತಾರೆ. ಎನ್‌ಎಚ್‌ಎಂನಲ್ಲಿ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಕಾಂಟ್ರಾಕ್ಟ್ ಮೇಲೆ 10 ವರ್ಷ ದಾಟಿದವರನ್ನು ಪರ್ಮನೆಂಟ್ ಆಗಿ ಸೇರಿಸಿಕೊಳ್ಳಲು ಮಹಾರಾಷ್ಟ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ಅದನ್ನು ಜಾರಿ ಮಾಡಿ ಎಂದು ಆ ನೌಕರರು 2025ರ ಆಗಸ್ಟ್‌ನಲ್ಲಿ ಮುಷ್ಕರ ಕೂತರು. ಇದರ ಮೇಲೆ ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ನನ್ನ ಪಿಎಚ್‌ಸಿ. ಮೆಡಿಕಲ್ ಆಫೀಸರ್ ಗ್ರೂಪ್ ಎ, ಮೂಲ ವೇತನ 56,100ರಿಂದ ಶುರು. ಡಿಎ, ಎಚ್‌ಆರ್‌ಎ, ಎನ್‌ಪಿಎ (ಖಾಸಗಿ ಪ್ರಾಕ್ಟೀಸ್ ಮಾಡದ್ದಕ್ಕೆ ಕೊಡುವ ಭತ್ಯೆ) ಸೇರಿದರೆ ಲಕ್ಷ ದಾಟುತ್ತದೆ. ಎನ್‌ಪಿಎ ತೆಗೆದುಕೊಂಡರೆ ಸ್ವಂತ ಕ್ಲಿನಿಕ್ ಇಡುವಂತಿಲ್ಲ, ಅಷ್ಟೇ. 2005ರ ನವೆಂಬರ್ ನಂತರ ಸೇರಿದವರಾದ್ದರಿಂದ ಹಳೇ ಪೆನ್ಷನ್ ನಮಗಿಲ್ಲ. ಆದರೂ ಗಳಿಕೆ ರಜೆ ಇದೆ, ಆರು ತಿಂಗಳ ಹೆರಿಗೆ ರಜೆ ಇದೆ. ಬ್ಯಾಂಕಿನಲ್ಲಿ ಈ ಸಲ ಪೆನ್ಸಿಲ್ ಹೊರಗೆ ಬರಲಿಲ್ಲ.

ತೊಂದರೆ ಇಲ್ಲವೇ? ಇದೆ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ ಎಂಬುದು ಲೆಕ್ಕ. ಇಬ್ಬರು ಡಾಕ್ಟರ್ ಇರಬೇಕಾದ ಕಡೆ ಒಬ್ಬರು ರಜೆ ಹಾಕಿದರೆ ಇನ್ನೊಬ್ಬರಿಗೆ ರಾತ್ರಿ ಹಗಲು ಎರಡೂ. ಕೋರ್ಟ್ ಸಮನ್ಸ್ ಬಂದರೆ ಎಂದೋ ಮಾಡಿದ ಪೋಸ್ಟ್‌ಮಾರ್ಟಂಗೆ ಸಾಕ್ಷಿ ಹೇಳಲು ಹೋಗಬೇಕು. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವ ವಾರಿ (ಪಾದಯಾತ್ರೆ) ನಮ್ಮ ದಾರಿಯಲ್ಲೇ ಹೋಗುತ್ತದೆ. ದಿವೆ ಘಾಟ್ ಹತ್ತಿ ಬಂದ ಕಾಲುಗಳು ಟೆಂಟಿನ ಮುಂದೆ ಸಾಲಾಗಿ ಚಾಚಿರುತ್ತವೆ. ಗುಳ್ಳೆ ಒಡೆದು, ತೊಳೆದು, ಮುಲಾಮು ಹಚ್ಚಿ, ಗಾಜ್ ಸುತ್ತಿ ಮುಂದಿನವರು. ಸೊಂಟ ಬಿದ್ದುಹೋಗುತ್ತದೆ. ಆದರೆ ಈ ಡ್ಯೂಟಿ ಬೇಡ ಎಂದು ಯಾರಾದರೂ ನನಗೆ ವಿನಾಯಿತಿ ಕೊಟ್ಟರೆ ನಾನೇ ಜಗಳ ತೆಗೆಯುತ್ತೇನೆ.

ನಿಜವಾದ ಕೊರತೆ ರಾತ್ರಿಯದ್ದು. ಡಾಕ್ಟರ್ ಮೇಲೆ ಕೈ ಮಾಡಿದರೆ ಮೂರು ವರ್ಷದವರೆಗೆ ಜೈಲು ಎಂಬ ಕಾನೂನು ಮಹಾರಾಷ್ಟ್ರದಲ್ಲಿ 2010ರಿಂದ ಇದೆ. ಅದರ ಬೋರ್ಡೂ ಗೋಡೆಗೆ ಹಾಕಿದ್ದಾರೆ. ಕುಡಿದು ಬಂದವನು ಬೋರ್ಡ್ ಓದುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಕೊಲೆ ಆದ ಮೇಲೆ ನಾನು ಮೊದಲು ನೋಡುವುದು ಡ್ಯೂಟಿ ರೂಮಿನ ಚಿಲಕ. ಇಲ್ಲಿ ಚಿಲಕವೇ ಇರಲಿಲ್ಲ. ಅರ್ಜಿ ಬರೆದು ಕಾಯುತ್ತಾ ಕೂರದೆ ಪೇಟೆಯಿಂದ ತಂದು, ಬಡಗಿಯನ್ನು ಕರೆದು ಹಾಕಿಸಿದೆ. ಸಂಬಳ ಹೆಚ್ಚಿಸಿ ಎಂದು ಕೂಗುವ ಮೊದಲು ಒಬ್ಬ ರಾತ್ರಿ ಕಾವಲುಗಾರ, ಎರಡನೇ ಡಾಕ್ಟರ್, ತಾರೀಖಿಗೆ ಸರಿಯಾಗಿ ದುಡ್ಡು, ಇವು ಮೂರು ಕೊಟ್ಟರೂ ಸರ್ಕಾರಿ ಹುದ್ದೆ ಬಿಟ್ಟು ಹೋಗುವವರು ಎಷ್ಟೋ ಕಮ್ಮಿಯಾಗುತ್ತಾರೆ ಎಂಬುದು ನನ್ನ ಲೆಕ್ಕ. ಕಾಂಟ್ರಾಕ್ಟ್‌ನವರಿಗಾದರೆ ಒಂದೇ ಸಾಕು, ಆರ್ಡರ್ ಮೂರು ವರ್ಷಕ್ಕೆ ಕೊಡಿ.

ನನಗೆ ಹಗಲು ನಿದ್ದೆ ಬರುವುದಿಲ್ಲ, ಹಾಗಾಗಿ ಕಾರ್ಪೊರೇಟ್ ನೈಟ್ ಪಾಳಿ ಆಗಿಬರಲಿಲ್ಲ. ಪುಣೆಯ ಧಾಯರಿಯಲ್ಲಿ ಫ್ಲ್ಯಾಟ್ ಬೇಕಿತ್ತು, ಹಾಗಾಗಿ ಕಾಂಟ್ರಾಕ್ಟ್ ಆಗಲಿಲ್ಲ. ಅವ್ವನನ್ನು ನೋಡಲು ಹಬ್ಬಕ್ಕೆ ಊರಿಗೆ ಹೋಗಬೇಕು, ರಜೆ ಬೇಕು. ನಿಮ್ಮದು ಬೇರೆ ಇರಬಹುದು. ನೀಟ್ ಪಿಜಿಗೆ ಓದುತ್ತಿದ್ದೀರಾ? ಮಧ್ಯಾಹ್ನದ ದವಾಖಾನೆ ಹಿಡಿಯಿರಿ, ಬೆಳಗ್ಗೆಯೆಲ್ಲ ನಿಮ್ಮದು. ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಸೇರಿ. ಐಸಿಯು ಕಲಿಯಬೇಕು ಎಂದಿದ್ದರೆ ಒಂದು ವರ್ಷ ಕಾರ್ಪೊರೇಟ್, ಅದಕ್ಕಿಂತ ಜಾಸ್ತಿ ಬೇಡ.

ಕರ್ನಾಟಕದ ಜೂನಿಯರ್‌ಗಳು ಒಂದು ವಿಷಯ ಗಮನಿಸಿ. ಇಲ್ಲಿ ಪರ್ಮನೆಂಟ್ ಹುದ್ದೆಗೆ ಮಹಾರಾಷ್ಟ್ರದ ಡೊಮಿಸೈಲ್ ಕೇಳುತ್ತಾರೆ, ಮರಾಠಿಯೂ ಬರಬೇಕು. ಡೊಮಿಸೈಲ್ ಇಲ್ಲದಿದ್ದರೆ ನಿಮಗೆ ಉಳಿಯುವುದು ಹೆಚ್ಚಾಗಿ ಮೊದಲ ಎರಡೇ. ಯಾವುದೇ ಆಗಲಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಎನ್‌ಒಸಿ ತೆಗೆದುಕೊಂಡು ಮಹಾರಾಷ್ಟ್ರ ಕೌನ್ಸಿಲ್‌ನ ರಿಜಿಸ್ಟ್ರೇಷನ್ ಮಾಡಿಸಿಕೊಂಡೇ ರೈಲು ಹತ್ತಿ.